ನಾಲ್ಕನೇ ಮಡ್ಗಾರ್ಡ್

ಬಿಳಿಗೆರೆಯ ಕೊಬ್ಬರಿ ವ್ಯಾಪಾರಿ ತೋಂಟದಾರ್ಯನವರ ಬಾಯಿಂದ ಹೊಗಳಿಕೆ ಬಂದದ್ದನ್ನು ಕೇಳಿದವರಿಲ್ಲ. ಎರಡು ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಒಂದಕ್ಕೊಂದು ತಟ್ಟಿ, ಒಳಗೆ ಒಣಗಿದೆಯೋ ಹಸಿಯಿದೆಯೋ ಹೇಳಿಬಿಡುತ್ತಿದ್ದರು. ಹಸಿಯಿದ್ದರೆ ಸ್ವಂತ ತಂಗಿಯ ಮನೆಯ ಮಾಲನ್ನೂ ಮುಲಾಜಿಲ್ಲದೆ ವಾಪಸು ಕಳಿಸಿದ ಆಸಾಮಿ. ಮಗ ಉಜ್ವಲ್‌ಗೆ ಮೀಸೆ ಬಂದು ವರ್ಷಗಳಾದರೂ ಅವರಿಂದ 'ಪರವಾಗಿಲ್ಲ' ಎನ್ನುವ ಮಾತೂ ಸಿಕ್ಕಿರಲಿಲ್ಲ. ಆ ಒಂದು ಮಾತಿಗಾಗಿಯೇ ಅವನು ಮನೆಯ ಹಳೇ ಮಾರುತಿ ಕಾರಿಗೆ ಕೈ ಹಾಕಿದ್ದು. ಅಗಲ ಚಕ್ರದ ಶೋಕಿ ಎಂದು ಹೊರಗೆ ಹೇಳಿಕೊಂಡಿದ್ದ, ಅಷ್ಟೆ.

ಅಗಲ ಚಕ್ರ ಕೂರಬೇಕಾದರೆ ಮಡ್ಗಾರ್ಡ್ ಹೊರಕ್ಕೆ ಉಬ್ಬಬೇಕು. ಅಂಗಡಿಯ ಪ್ಲಾಸ್ಟಿಕ್ ತಂದು ಅಂಟಿಸಿದರೆ ಅಪ್ಪ ತಿರುಗಿಯೂ ನೋಡುವವರಲ್ಲ. ಹಾಗಾಗಿ ಉಜ್ವಲ್ ಹಿತ್ತಿಲಲ್ಲಿ ತೆಂಗಿನ ಕೊರಡೊಂದನ್ನು ಬಟ್ಟಲಿನಂತೆ ತೋಡಿ, ಮಡ್ಗಾರ್ಡಿನಿಂದ ಕತ್ತರಿಸಿ ತೆಗೆದ ತಗಡನ್ನು ಅದರ ಮೇಲಿಟ್ಟು, ಕೊಡತಿಯಿಂದ ಬಡಿದೂ ಬಡಿದೂ ಉಬ್ಬು ತಂದು ಮತ್ತೆ ಬೆಸೆದ. ಮೂರು ಚೆಂದ ಬಂದವು. ನಾಲ್ಕನೆಯದಕ್ಕೆ ಅವಸರ ಹೆಚ್ಚಾಗಿ, ಅತಿಯಾಗಿ ಹಿಗ್ಗಿಸಿದ ತಗಡು ಸೀಳಿತು. ಮೊದಲಿಂದ ಮಾಡಲು ಮೈ ಬಗ್ಗಲಿಲ್ಲ. ಸೀಳಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿ, ಉಜ್ಜಿ, ನಾಲ್ಕಕ್ಕೂ ಒಂದೇ ಬಣ್ಣ ಬಳಿದ.

ಭಾನುವಾರ ದಬ್ಬೇಘಟ್ಟದಿಂದ ಸೋದರತ್ತೆಯ ಗಂಡ ಪರಮಶಿವಯ್ಯ ಬಂದರು. ಊರೂರಿಗೆ ಸುದ್ದಿ ಹಂಚುವ ಬಾಯಿ ಅದು.

"ಏನ್ಲಾ ಉಜ್ವಲ್, ಕಾರಿಗೆ ಮಂಗನಬಾವು ಬಂದೈತಾ? ಒಳಗೆಲ್ಲ ಪುಟ್ಟಿ ಮೆತ್ತಿರ್ತೀಯ ಬುಡು."

"ಒಂದ್ ಚೂರೂ ಪುಟ್ಟಿ ಇಲ್ಲ ಮಾವ. ಪೂರ್ತಿ ತಗಡೇ," ಎಂದುಬಿಟ್ಟ ಉಜ್ವಲ್.

"ಹಂಗಾದ್ರೆ ಭಾವ ಹೇಳ್ಲಿ. ಬನ್ನಿ ಭಾವ, ನಿಮ್ ಕಿವಿ ಮುಂದೆ ಯಾರ್ದೂ ನಡಿಯಲ್ಲ."

ತೋಂಟದಾರ್ಯ ಎದ್ದು ಬಂದರು. ಬೆರಳ ಗೆಣ್ಣಿನಿಂದ ಮೊದಲನೆಯದನ್ನು ತಟ್ಟಿದರು. ಖಣ್ಣೆಂದಿತು. ಎರಡನೆಯದು, ಮೂರನೆಯದು ಕೂಡ ಹಾಗೆಯೇ. ನಾಲ್ಕನೆಯದು ಮಂಕಾಗಿ ದೊಪ್ಪೆಂದಿತು. ಪರಮಶಿವಯ್ಯನವರಿಗೆ ಇದು ತಿಳಿಯಲಿಲ್ಲ; ಅವರ ಕಿವಿ ಬಾಯಿಯಷ್ಟು ಚುರುಕಲ್ಲ. ತೋಂಟದಾರ್ಯ ಇನ್ನೊಮ್ಮೆ ತಟ್ಟಿ, ಕೈ ಅಲ್ಲೇ ಇಟ್ಟುಕೊಂಡು ನಿಂತರು. ಉಜ್ವಲ್ ನೆಲ ನೋಡುತ್ತಿದ್ದ.

"ಪೂರ್ತಿ ತಗಡೇ ಕಣ್ ಭಾವ," ಎಂದರು ತೋಂಟದಾರ್ಯ. "ಚೆನ್ನಾಗ್ ಮಾಡವ್ನೆ."

ಬಯಸಿದ ಮಾತು ಕೊನೆಗೂ ಸಿಕ್ಕಿತ್ತು. ಉಜ್ವಲ್‌ಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ನಿಜ ಹೇಳೋಣವೆಂದರೆ, ಅಪ್ಪನ ಕಿವಿ ಕೆಟ್ಟಿದೆ ಎಂದೋ ಅಪ್ಪ ಸುಳ್ಳುಗಾರ ಎಂದೋ ಮಾವ ತಿಪಟೂರಿನ ತನಕ ಸಾರಿಬಿಡುತ್ತಾರೆ.

ಊಟ ಮುಗಿಸಿ ಪರಮಶಿವಯ್ಯ ಬಸ್ಸಿಗೆ ಹೊರಟರು. ಅವರು ಗೇಟು ದಾಟಿದ್ದೇ ತಡ, ಉಜ್ವಲ್ ಉಳಿ ಸುತ್ತಿಗೆ ಹಿಡಿದು ನಾಲ್ಕನೇ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ.

"ತಡಿ ಕಣ್ಲಾ," ಎಂದರು ಜಗಲಿಯಿಂದ ತೋಂಟದಾರ್ಯ. "ಅವ್ರು ಬಸ್ ಹತ್ಲಿ. ಆಮೇಲೆ ಕಿತ್ತಾಕು."

ಉಜ್ವಲ್ ತಲೆ ಎತ್ತಲಿಲ್ಲ. "ಯಾಕಪ್ಪ ಹಂಗಂದೆ?"

"ಅಂದಿದ್ದು ಅಂದಾಯ್ತು. ಅದನ್ನ ನಿಜ ಮಾಡೋದು ನಿನ್ ಕೆಲಸ."

ರಸ್ತೆಯ ಕಡೆ ಬಸ್ಸು ಹೊರಟ ಸದ್ದು ಕೇಳಿಸಿದ ಮೇಲೆ ಉಜ್ವಲ್ ಮೊದಲ ಪೆಟ್ಟು ಹಾಕಿದ.