ಕಚ್ಚಾ ಹೊಲಿಗೆಯ ಕೋಟು

ದರ್ಜಿಯ ಹೆಂಡತಿ ಅಂಗಡಿಯ ಶಟರನ್ನು ಸೊಂಟಕ್ಕಿಂತ ಮೇಲೆ ಎತ್ತಿ ವರ್ಷಗಳೇ ಆಗಿದ್ದವು. ರೋಗ ಊರನ್ನೆಲ್ಲ ಹಿಂಡುತ್ತಿದ್ದಾಗ ಅಂಗಡಿ ತೆರೆಯಬಾರದೆಂಬ ಕಟ್ಟಪ್ಪಣೆ ಇತ್ತು. ಗಂಡ ಹೆಂಡತಿ ಶಟರನ್ನು ಅರ್ಧ ಇಳಿಸಿಕೊಂಡು, ಕದ್ದುಮುಚ್ಚಿ, ನೆರೆಹೊರೆಯವರಿಗೆ ಮಾಸ್ಕು ಹೊಲಿದುಕೊಡುತ್ತಿದ್ದರು. ಒಂದು ಮಧ್ಯಾಹ್ನ ಗಂಡ ಮೈ ಸುಡುತ್ತಿದೆಯೆಂದು ಆ ಶಟರಿನಡಿ ಬಗ್ಗಿ ಆಸ್ಪತ್ರೆಗೆ ಹೋದ. ತಿರುಗಿ ಬರಲಿಲ್ಲ. ಇವಳಿಗೆ ಮುಖ ನೋಡಲೂ ಸಿಗಲಿಲ್ಲ.

ಅಂದಿನಿಂದ ಶಟರು ಅಲ್ಲೇ ನಿಂತಿದೆ, ಇವಳೂ ಒಳಗೇ ನಿಂತಿದ್ದಾಳೆ. ಅಡುಗೆ, ಊಟ, ನಿದ್ದೆ ಎಲ್ಲ ಅಂಗಡಿಯ ಮೇಲಿನ ಅಟ್ಟದಲ್ಲಿ. ಗಿರಾಕಿಗಳ ಬಟ್ಟೆ, ಕಿರಾಣಿ ಸಾಮಾನು ಎಲ್ಲ ಶಟರಿನಡಿಯಿಂದಲೇ ಬರುತ್ತವೆ. ಪಕ್ಕದ ಬೀಗದ ಅಂಗಡಿಯವನು ದಿನಾ ಒಂದು ಲೋಟ ಚಹಾ ಒಳಗೆ ಸರಿಸಿ, ಏನನ್ನೂ ಕೇಳದೆ ಹೋಗುತ್ತಾನೆ.

ಕನ್ನಡಿಯ ಪಕ್ಕದ ಗೂಟದಲ್ಲಿ ಒಂದು ಬೂದು ಕೋಟು ತೂಗುತ್ತಿತ್ತು. ಗಂಡ ಕೊನೆಯದಾಗಿ ಕತ್ತರಿಸಿ, ಟ್ರಯಲ್‌ಗೆಂದು ಆಮೇಲೆ ಬಿಚ್ಚುವಂಥ ಸಡಿಲ ಕಚ್ಚಾ ಹೊಲಿಗೆ ಹಾಕಿಟ್ಟದ್ದು. ಒಳಮೈಯಲ್ಲಿ ಅವನೆಳೆದ ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು: ಭುಜಕ್ಕೊಂದು ಬಾಗು, ಬೆನ್ನುದ್ದಕ್ಕೊಂದು ನೀಟಾದ ಗೆರೆ. ಪ್ರತಿ ಗೆರೆಯ ತುದಿಯಲ್ಲೂ ಸಣ್ಣ ಕೊಕ್ಕೆ. ಅವನ ಕೈ ಅಭ್ಯಾಸ ಅದು. ಕೋಟು ಮುಗಿಸಬೇಕೆಂದರೆ ಇಸ್ತ್ರಿ ಇಡಲೇಬೇಕು. ಇಸ್ತ್ರಿಯ ಹಬೆ ತಾಗಿದರೆ ಗೆರೆ ಉಳಿಯುವುದಿಲ್ಲ. ಅವನ ಕೈಯ ಗುರುತು ಅವಳ ಪಾಲಿಗೆ ಉಳಿದದ್ದು ಅಷ್ಟೇ.

ಕೋಟು ನಿವೃತ್ತ ಮೇಷ್ಟ್ರದು. ಅದೇ ರೋಗ ಅವರ ಹೆಂಡತಿಯನ್ನೂ ಕೊಂಡೊಯ್ದಿತ್ತು. ಆಗಾಗ ತಮ್ಮ ಮಂಡಿಗಳನ್ನು ಬೈದುಕೊಳ್ಳುತ್ತ ಬಗ್ಗಿ ಒಳಬಂದು, ಕ್ಷೇಮ ವಿಚಾರಿಸಿ, ಗೂಟದ ಕಡೆ ಕಣ್ಣೂ ಹಾಯಿಸದೆ ಹೊರಡುತ್ತಿದ್ದರು. ಹಾಗೆ ನೋಡದೇ ಇರುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕೆಂದು ಅವಳಿಗೆ ಗೊತ್ತಿತ್ತು.

ಇಂದು ಮಾತ್ರ ಕೇಳಿದರು. ಸಂಜೆ ಗ್ರಂಥಾಲಯದ ಸಭಾಂಗಣದಲ್ಲಿ ಆ ರೋಗಕ್ಕೆ ತೀರಿಕೊಂಡವರನ್ನೆಲ್ಲ ನೆನೆಯುವುದಿದೆ, ಹೆಸರು ಓದುವ ಕೆಲಸ ತಮ್ಮದು, ಆ ಕೋಟು ಹಾಕಿಕೊಳ್ಳುವ ಆಸೆ, ಅವಳೂ ಬರಬೇಕು ಎಂದರು. ಕೋಟು ಆಗಿಲ್ಲ, ಆಗುವುದೂ ಇಲ್ಲ, ಬೇರೆ ಬಟ್ಟೆ ತಂದುಕೊಡಿ ಎಂದು ಅವಳು ನೆಲ ನೋಡಿದಳು. ಬರಬೇಕೆಂದ ಮಾತಿಗೆ ಶಟರಿನತ್ತ ಕೈ ತೋರಿದಳು.

"ಆ ಶಟರಿನಡಿ ಬಗ್ಗಿದ್ರೆ ಅವತ್ತು ಹೋದ ನಮ್ಮವರ ಬೆನ್ನೇ ಕಾಣುತ್ತೆ, ಮೇಷ್ಟ್ರೇ. ಆಗಲ್ಲ ನನ್ನಿಂದ."

ಮೇಷ್ಟ್ರು ಗೂಟದತ್ತ ನಡೆದರು. ಕೋಟು ತೆಗೆದು, ಕೂಸನ್ನೆತ್ತಿದಂತೆ ಹಿಡಿದು, ಒಳಮೈ ಹೊರಗೆ ಮಾಡಿ ತೊಟ್ಟುಕೊಂಡರು. ಅಳತೆ ಕೊಟ್ಟ ಮೇಲೆ ಅದೇ ಕಾಯಿಲೆಯಿಂದ ಇಳಿದುಹೋದ ಮೈ, ಕೋಟು ಜೋಲಾಡಿತು. ಬೆನ್ನ ಮೇಲೆ ಬಿಳಿ ಗೆರೆ ಎದ್ದು ಕಂಡಿತು.

"ಇನ್ನೊಬ್ಬ ಮೇಷ್ಟ್ರಿಗೂ ಜಾಗ ಇದೆ ಇದರೊಳಗೆ," ಎಂದರು. "ಇರ್ಲಿ ತಂಗಿ, ಹೀಗೇ ಹೋಗ್ತೀನಿ. ನನಗೆ ತಲೆ ನೆಟ್ಟಗಿಲ್ಲ ಅಂತ ಹಳೇ ಮಕ್ಕಳಿಗೆಲ್ಲ ಮೊದಲಿಂದ್ಲೂ ಗೊತ್ತು."

ಅವಳ ತುಟಿಯಂಚಿನಲ್ಲಿ ನಗು ಇಣುಕಿತು. ಮೇಷ್ಟ್ರು ಶಟರಿನ ಕಡೆ ತಿರುಗಿ ಮಂಡಿ ಮಡಚತೊಡಗಿದರು. ಬಗ್ಗಿದರೆ ಕಚ್ಚಾ ದಾರ ತಾಳುವುದಿಲ್ಲ. ಕೋಟಿನ ಬೆನ್ನ ಹೊಲಿಗೆ ಸರಿಯಾಗಿ ಆ ಗೆರೆಯ ಪಕ್ಕದಲ್ಲೇ ಬಿಟ್ಟುಕೊಳ್ಳುತ್ತದೆ.

"ಬಗ್ಗಬೇಡಿ," ಎಂದವಳೇ ಹೋಗಿ ಶಟರಿಗೆ ಎರಡೂ ಕೈ ಕೊಟ್ಟಳು. ಅದು ಅಲುಗಲಿಲ್ಲ. ತುಕ್ಕು ಕಚ್ಚಿಕೊಂಡಿತ್ತು. ಭುಜ ಕೊಟ್ಟು ನೂಕಿದಳು. ಸದ್ದಿಗೆ ಬೀಗದ ಅಂಗಡಿಯವನು ಎಣ್ಣೆಡಬ್ಬಿ ಹಿಡಿದೇ ಓಡಿಬಂದ.

"ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಯಾವಾಗ್ಲೋ ಎಣ್ಣೆ ಬಿಡ್ತಿದ್ದೆ ಅಕ್ಕಾ," ಎಂದು ಗೊಣಗುತ್ತಲೇ ಶಟರು ಸರಿಯುವ ಎರಡೂ ಪಟ್ಟಿಗೆ ಸುರಿದ. ಇಬ್ಬರೂ ಎತ್ತಿದರು. ಶಟರು ಕಿರುಚುತ್ತ ಮೇಲೇರಿ, ಮೇಷ್ಟ್ರ ಹಣೆಯ ಮಟ್ಟದಲ್ಲಿ ಸಿಕ್ಕಿಕೊಂಡಿತು. ಅದಕ್ಕಿಂತ ಮೇಲೆ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಮೇಷ್ಟ್ರು ಕತ್ತು ತಗ್ಗಿಸಿ ಬೀದಿಗಿಳಿದರು. ಅವಳು ಒಳಗೇ ನಿಂತು ನೋಡಿದಳು. ಎಡಭುಜದ ದಾರವೊಂದು ಆಗಲೇ ಸಡಿಲವಾಗಿತ್ತು. ಸಭಾಂಗಣ ಮುಟ್ಟುವಷ್ಟರಲ್ಲಿ ಕೋಟಿನ ತೋಳು ಕಿತ್ತು ಕೈಗೆ ಬಂದೀತು. ಇದೇನಾ ಆ ದರ್ಜಿ ಹೊಲಿದದ್ದು ಎಂದು ಜನ ಆಡಿಕೊಂಡಾರು. ಅವಳು ಸೂಜಿ, ದಾರದುಂಡೆ ತೆಗೆದುಕೊಂಡಳು.

ಅವಳು ಗಿಡ್ಡಿ. ಶಟರು ದಾಟುವಾಗ ಬಗ್ಗುವ ಪ್ರಸಂಗವೇ ಬರಲಿಲ್ಲ.

"ನಿಧಾನ ಮೇಷ್ಟ್ರೇ, ಕೈ ಬೀಸಬೇಡಿ," ಎನ್ನುತ್ತ, ಆ ಬಿಳಿ ಗೆರೆಯ ಮೇಲಿಂದ ಕಣ್ಣು ಕೀಳದೆ ಹಿಂದೆ ಹೊರಟಳು.