ಗುಡುಗಣ್ಣನ ಎರಡು ಗಂಟಲು

ಸುದ್ದಿ ವಾಹಿನಿಯಲ್ಲಿ ಎಲ್ಲರೂ ಅವನನ್ನು ಗುಡುಗಣ್ಣ ಎಂದೇ ಕರೆಯುತ್ತಿದ್ದರು. ಅವನ ಮುಖ ಊರಲ್ಲಿ ಯಾರಿಗೂ ಗೊತ್ತಿಲ್ಲ, ಗಂಟಲು ಗೊತ್ತಿಲ್ಲದವರಿಲ್ಲ. ಪರದೆಯ ಮೇಲೆ ಬೆಂಕಿಯ ಚಿತ್ರ ಬಂದು, ಡಬಡಬ ಎಂದು ಸಂಗೀತ ಬಡಿದು, "ಬೆಚ್ಚಿಬೀಳಿಸುವ ಸುದ್ದಿ!" ಎಂದು ಯಾರೋ ಅಬ್ಬರಿಸುತ್ತಾರಲ್ಲ, ಆ ಯಾರೋ ಇವನೇ. ಈರುಳ್ಳಿ ಬೆಲೆ ಏರಿದ್ದನ್ನು ಓದಿದರೂ ಕೇಳಿದವರು ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಬೇಕು, ಹಾಗೆ ಓದುತ್ತಿದ್ದ. ಮನೆಯಲ್ಲಿ ಮಾತ್ರ ಈ ಮಹಾಶಯನ ದನಿ ಪಕ್ಕದ ಕೋಣೆಗೂ ಮುಟ್ಟುತ್ತಿರಲಿಲ್ಲ. ಬಚ್ಚಲಿನಿಂದ ಟವೆಲ್ ಕೇಳಿ ಕೇಳಿ ಸಾಕಾಗಿ, ಕೊನೆಗೆ ಒದ್ದೆ ಮೈಯಲ್ಲೇ ಹೊರಗೆ ಬರುತ್ತಿದ್ದ.

ವಿಮಾನವೆಂದರೆ ಅವನ ಗಂಟಲಿಗೆ ಹಬ್ಬ. ಎಲ್ಲೋ ಒಂದು ವಿಮಾನದ ಗಾಜಿಗೆ ಹಕ್ಕಿ ಬಡಿದರೆ "ಆಗಸದಲ್ಲಿ ಆತಂಕ!", ಟೈರಿನ ಗಾಳಿ ಇಳಿದರೆ "ಸಾವಿನ ದವಡೆಯಲ್ಲಿ ಪ್ರಯಾಣಿಕರು!" ಎಲ್ಲರೂ ಸುಖವಾಗಿ ಇಳಿದು ಮನೆಗೆ ಹೋಗಿ ಊಟ ಮಾಡಿದರು ಎಂಬ ವಾಕ್ಯವೂ ಇರುತ್ತಿತ್ತು, ಇಲ್ಲವೆಂದಲ್ಲ. ಅದು ಕೊನೆಯಲ್ಲಿ ಬಂದು ಸಂಗೀತದೊಳಗೆ ಮುಳುಗಿಹೋಗುತ್ತಿತ್ತು. ಅದೇ ದಿನ ರಸ್ತೆಯಲ್ಲಿ ಸತ್ತವರ ಸುದ್ದಿ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ, ಸದ್ದಿಲ್ಲದೆ ಸರಿದುಹೋಗುತ್ತಿತ್ತು. ಅದನ್ನು ಓದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಈ ಎಲ್ಲವನ್ನೂ ಒಂದೂ ಬಿಡದೆ ಕೇಳಿಸಿಕೊಂಡವಳು ಅವನ ಅಮ್ಮ. ಹುರುಳಿಕಾಯಿ ಹೆಚ್ಚುತ್ತ, ಬಟ್ಟೆ ಮಡಿಸುತ್ತ, ಮಗನ ದನಿ ಬಂದಾಗಲೆಲ್ಲ ಹೆಮ್ಮೆಯಿಂದ ತಲೆಯೆತ್ತಿ, ಸುದ್ದಿ ಮುಗಿಯುವಾಗ ಎದೆಯ ಮೇಲೆ ಕೈಯಿಟ್ಟುಕೊಂಡು. ಹೀಗೆ ಇಷ್ಟು ವರ್ಷ ಹೆದರಿದ ಮೇಲೆ ಈಗ ಅವಳಿಗೆ ವಿಮಾನ ಹತ್ತುವ ಕಾಲ ಬಂದಿತ್ತು.

ಆದದ್ದಿಷ್ಟು. ಅಮ್ಮನ ಅಕ್ಕ, ಅಂದರೆ ಇವನ ದೊಡ್ಡಮ್ಮ, ದೂರದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಹೃದಯದ ಆಪರೇಷನ್ ಆಗಬೇಕು, ತಡಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ದೊಡ್ಡಮ್ಮ ಮಾತ್ರ, "ನನ್ನ ತಂಗಿ ಬರಲಿ, ಅವಳ ಮುಖ ನೋಡಿಯೇ ನಾನು ಒಳಗೆ ಹೋಗೋದು" ಎಂದು ಹಟ ಹಿಡಿದು ಕೂತಿದ್ದಳು. ರೈಲಿನಲ್ಲಿ ಹೋದರೆ ದಿನಗಟ್ಟಲೆ ಹಿಡಿಯುತ್ತದೆ, ಅಮ್ಮನ ಮಂಡಿ ತಡೆಯುವುದಿಲ್ಲ. ಉಳಿದದ್ದು ವಿಮಾನ. ಅಮ್ಮ ಹತ್ತಲೊಲ್ಲಳು.

"ಅಮ್ಮ, ವಿಮಾನದಷ್ಟು ಸುರಕ್ಷಿತ ಯಾವುದೂ ಇಲ್ಲ. ನೀನು ಮಾರ್ಕೆಟ್ಟಿಗೆ ಆಟೋದಲ್ಲಿ ಹೋಗ್ತೀಯಲ್ಲ, ಅದಕ್ಕಿಂತ ಎಷ್ಟೋ ವಾಸಿ," ಎಂದ ಮಗ.

"ಏನಂದೆ? ಸ್ವಲ್ಪ ಜೋರಾಗಿ ಹೇಳೋ."

ಅವನು ಗಂಟಲು ಸರಿಮಾಡಿಕೊಂಡು, ಸ್ಟುಡಿಯೋದಲ್ಲಿ ನಿಂತ ಹಾಗೆ ನಿಂತು, "ವಿಮಾನ ಪ್ರಯಾಣ! ಅತ್ಯಂತ! ಸುರಕ್ಷಿತ!" ಎಂದು ಗುಡುಗಿದ. ಅಡುಗೆಮನೆಯ ಮುಚ್ಚಳವೊಂದು ಠಣ್ಣೆಂದಿತು.

ಅಮ್ಮ ಚಾಕು ಕೆಳಗಿಟ್ಟಳು. "ಈಗಂತೂ ಖಂಡಿತ ಸುಳ್ಳು. ಚಿಕ್ಕವನಿದ್ದಾಗಲೂ ಹೀಗೇ ನೀನು. ಸಕ್ಕರೆ ಡಬ್ಬಿ ಮುಟ್ಟಿಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಅರಚ್ತಿದ್ದೆ. ನಿಜ ಹೇಳೋವಾಗ ಮಾತ್ರ ನಿನ್ನ ಬಾಯಿ ಹತ್ರ ಕಿವಿ ಇಡಬೇಕಾಗಿತ್ತು. ಬೇಕಾದ್ರೆ ನಿನ್ನ ದೊಡ್ಡಮ್ಮನ್ನೇ ಕೇಳು."

"ಹಾಗಾದ್ರೆ ಟಿವಿಯಲ್ಲಿ ಅರಚಿದ್ದನ್ನ ಯಾಕೆ ನಂಬ್ತೀಯಾ?"

ಅಮ್ಮ ಮತ್ತೆ ಚಾಕು ಎತ್ತಿಕೊಂಡಳು. "ಅಲ್ಲಿ ಚಿತ್ರಾನೂ ತೋರಿಸ್ತಾರಲ್ಲ," ಎಂದಳು. ಆಮೇಲೆ ಮಗನನ್ನು ದಿಟ್ಟಿಸಿ ನೋಡಿ, "ಅದಿರಲಿ, ನೀನು ಎಷ್ಟು ಸಲ ವಿಮಾನ ಹತ್ತಿದ್ದೀಯಪ್ಪಾ?" ಎಂದು ಕೇಳಿದಳು.

ಗುಡುಗಣ್ಣ ಫೋನ್ ತೆಗೆದು ಟಿಕೆಟ್ಟಿನ ಬೆಲೆ ನೋಡತೊಡಗಿದ. ಒಂದು ಸಲವೂ ಹತ್ತಿರಲಿಲ್ಲ. ಆಫೀಸಿನವರು ಕಳಿಸುತ್ತೇವೆಂದಾಗಲೆಲ್ಲ ಹೊಟ್ಟೆನೋವು, ಬೆನ್ನುನೋವು ಎಂದು ಜಾರಿಕೊಂಡಿದ್ದ. ಪಾಪ, ಊರಿಗೆಲ್ಲ ಹಂಚಿದ ಭಯದಲ್ಲಿ ಅವನ ಪಾಲೂ ಅವನಿಗೆ ತಪ್ಪದೆ ಸಿಕ್ಕಿತ್ತು.

"ನೀನು ಪಕ್ಕದಲ್ಲಿ ಕೂತ್ರೆ ಬರ್ತೀನಿ," ಎಂದಳು ಅಮ್ಮ. ಅಲ್ಲಿಗೆ ಅವನು ಸಿಕ್ಕಿಹಾಕಿಕೊಂಡ.

ರಜೆ ಕೇಳಲು ಹೋದರೆ ಸುದ್ದಿ ವಿಭಾಗದ ಮುಖ್ಯಸ್ಥ, ಇವನಿಗಿಂತ ಚಿಕ್ಕವನು, ತಲೆಯೆತ್ತದೆಯೇ, "ಹೋಗಿ ಬನ್ನಿ ಗುಡುಗಣ್ಣ. ಹೋಗೋಕೆ ಮುಂಚೆ ನಾಲ್ಕು ಪ್ರವಾಹ, ಎರಡು ಭೂಕಂಪ, ಮೂರು ವಿಮಾನ ಹೇಳಿಟ್ಟು ಹೋಗಿ" ಎಂದ. ಅದು ಅಲ್ಲಿಯ ಪದ್ಧತಿ. ಗಂಟಲಿನವನು ರಜೆ ಹಾಕಿದರೆ ಅನಾಹುತಗಳು ಕಾಯುತ್ತವೆಯೇ? ಆಗುವ ಮೊದಲೇ ಕೂಗಿ, ರೆಕಾರ್ಡ್ ಮಾಡಿ ಡಬ್ಬಿಯಲ್ಲಿ ತುಂಬಿಡಬೇಕು.

"ಯಾವ ವಿಮಾನ?"

"ಯಾವುದೋ ಒಂದು. ಹೆಸರು ಆಮೇಲೆ ಪರದೆ ಮೇಲೆ ಅಕ್ಷರದಲ್ಲಿ ಹಾಕ್ಕೋತೀವಿ."

ಗುಡುಗಣ್ಣ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ನಿಂತು, "ನಡುಗಗನದಲ್ಲಿ ಮೃತ್ಯುವಿನೊಂದಿಗೆ ಮುಖಾಮುಖಿ! ಒಳಗಿದ್ದವರ ಗತಿಯೇನು?" ಎಂದು ಹೊಟ್ಟೆಯಾಳದಿಂದ ಅಬ್ಬರಿಸಿ, ಒಂದು ಲೋಟ ಬಿಸಿನೀರು ಕುಡಿದು ಮನೆಗೆ ಬಂದ.

ವಿಮಾನದಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಳು. ಮೊದಮೊದಲು ಮಗನ ಕೈ ಗಟ್ಟಿಯಾಗಿ ಹಿಡಿದಿದ್ದವಳು, ಮೋಡದ ಮೇಲೆ ಬಂದ ಮೇಲೆ ಕೈ ಬಿಟ್ಟು, ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು. "ಅಲ್ಲಾಡೋದೇ ಇಲ್ವಲ್ಲೋ ಇದು. ನಮ್ಮ ಬೀದಿ ಹಂಪ್ ಮೇಲೆ ಹಾರೋ ಆಟೋಗಿಂತ ವಾಸಿ," ಎಂದಳು. ಮಗ ಮಾತ್ರ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದು, ತಾನೇ ವಿಮಾನವನ್ನು ಎತ್ತಿ ಹಿಡಿದಿರುವವನಂತೆ ಕೂತಿದ್ದ.

ಇಳಿಯುವ ಹೊತ್ತು. ನೆಲ ಹತ್ತಿರ ಬಂತು, ಮನೆಗಳ ಮೇಲಿನ ನೀರಿನ ಟ್ಯಾಂಕು ಕಾಣಿಸಿತು. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ವಿಮಾನ ಭೋರೆಂದು ಸದ್ದು ಮಾಡಿ ಮೂಗೆತ್ತಿ ಮತ್ತೆ ಮೇಲಕ್ಕೆ ಹೊರಟಿತು. ಹಿಂದಿನ ಸಾಲಿನಲ್ಲಿ ಒಬ್ಬ "ಅಯ್ಯೋ" ಎಂದು ಕೂಗಿ, ಕೂಗಿದ ಮರುಗಳಿಗೆಯೇ ಫೋನ್ ತೆಗೆದು ಚಿತ್ರ ಹಿಡಿಯತೊಡಗಿದ.

ಸ್ವಲ್ಪ ಹೊತ್ತಿಗೆ ಪೈಲಟ್ಟಿನ ದನಿ ಕೇಳಿಸಿತು. ಬಸ್ಸಿನ ಸ್ಟಾಪ್ ಹೇಳಿದಷ್ಟೇ ಸಲೀಸಾದ ದನಿ. "ನಮಗಿಂತ ಮುಂಚೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟು ಹೋಗಿರಲಿಲ್ಲ. ಅದಕ್ಕೇ ಇನ್ನೊಂದು ಸುತ್ತು ಹಾಕಿ ಬರ್ತಿದ್ದೀವಿ. ಇದು ಮಾಮೂಲು. ಸ್ವಲ್ಪ ಅನುಮಾನ ಇದ್ರೂ ನಾವು ಇಳಿಯಲ್ಲ."

"ಸರಿ ಮತ್ತೆ," ಎಂದಳು ಅಮ್ಮ. "ಬಿಸಿ ಪಾತ್ರೆ ಇಳಿಸೋಕೆ ಕಟ್ಟೆ ಮೇಲೆ ಜಾಗ ಇಲ್ಲದಿದ್ರೆ ಕೈಯಲ್ಲೇ ಹಿಡ್ಕೊಂಡು ನಿಲ್ಲಲ್ವಾ? ಕಣ್ಣು ಬಿಡೋ, ಬಿಸ್ಕತ್ತು ತಿನ್ನು."

ಎರಡನೆಯ ಸಲ ವಿಮಾನ ನೆಲ ಮುಟ್ಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ ಇಳಿಯಿತು. ಹಿಂದಿನ ಸಾಲಿನವನು ಬೆಲ್ಟು ಬಿಚ್ಚುವ ಮೊದಲೇ ಚಿತ್ರವನ್ನು ಲೋಕಕ್ಕೆಲ್ಲ ಕಳಿಸಿಯಾಗಿತ್ತು.

ಪೆಟ್ಟಿಗೆ ಬರುವುದನ್ನು ಕಾಯುತ್ತ ನಿಂತಾಗ ಗೋಡೆಯ ಟಿವಿ ಕಣ್ಣಿಗೆ ಬಿತ್ತು. ಬೆಂಕಿಯ ಚಿತ್ರ. ಅದರ ಪಕ್ಕ ತಾವು ಬಂದ ವಿಮಾನದ ಹೆಸರು. ಡಬಡಬ ಸಂಗೀತ. ಆಮೇಲೆ ಅವನದೇ ಗಂಟಲು: "ನಡುಗಗನದಲ್ಲಿ ಮೃತ್ಯುವಿನೊಂದಿಗೆ ಮುಖಾಮುಖಿ! ಒಳಗಿದ್ದವರ ಗತಿಯೇನು?"

ಒಳಗಿದ್ದವರ ಗತಿ ಪಕ್ಕದಲ್ಲೇ ನಿಂತು ಸೆರಗಿನ ಮೇಲಿನ ಬಿಸ್ಕತ್ತಿನ ಪುಡಿ ಕೊಡವಿಕೊಳ್ಳುತ್ತಿತ್ತು. ಆದರೆ ಗುಡುಗಣ್ಣನಿಗೆ ನಗು ಬರಲಿಲ್ಲ. ದೊಡ್ಡಮ್ಮ! ವಾರ್ಡಿನ ಟಿವಿಯಲ್ಲಿ ಹಗಲೆಲ್ಲ ಇದೇ ವಾಹಿನಿ. ನಮ್ಮ ಹುಡುಗನ ದನಿ ಎಂದು ನರ್ಸುಗಳಿಗೆಲ್ಲ ಹೇಳಿ ಹಾಕಿಸಿಕೊಂಡಿದ್ದಾಳೆ. ತಂಗಿ ಯಾವ ವಿಮಾನದಲ್ಲಿ ಬರುತ್ತಾಳೆಂಬುದು ಅವಳಿಗೆ ಬಾಯಿಪಾಠ. ಆ ಹೃದಯ ಇದನ್ನು ತಡೆಯುತ್ತದೆಯೇ?

ಫೋನ್ ಮಾಡಿದ. ದೊಡ್ಡಮ್ಮ ಎತ್ತಲಿಲ್ಲ. ವಾರ್ಡಿಗೆ ಮಾಡಿದ, ಆ ಫೋನಿನಲ್ಲಿ ಯಾರೋ ಮಾತಾಡುತ್ತಲೇ ಇದ್ದಾರೆ. ಆಮೇಲೆ ಆಫೀಸಿಗೆ ಮಾಡಿದ.

"ಗುಡುಗಣ್ಣ, ನೀವು ಅದೇ ವಿಮಾನದಲ್ಲಿದ್ದೀರಾ?" ಮುಖ್ಯಸ್ಥನ ದನಿಯಲ್ಲಿ ಆನಂದ ಉಕ್ಕಿತು.

"ಅದನ್ನ ತೆಗೀರಿ ಮೊದಲು. ಏನೂ ಆಗಿಲ್ಲ. ಎಲ್ಲರೂ ಇಳಿದಿದ್ದೀವಿ."

"ತೆಗೆಯೋದಾ? ಬೆಳಗಿಂದ ಇಷ್ಟು ಜನ ಯಾವುದನ್ನೂ ನೋಡಿಲ್ಲ ಸಾರ್. ನೇರಪ್ರಸಾರಕ್ಕೆ ತಗೋತೀನಿ, ಮಾತಾಡಿ. ಸಾವು ಹೇಗಿತ್ತು ಅಂತ ಹೇಳಿ. ನಿಮ್ಮ ಸ್ಟೈಲಲ್ಲೇ!"

ಪಕ್ಕದಲ್ಲಿ ಅಮ್ಮ ನಿಂತಿದ್ದಳು. ಮೇಲೆ ಟಿವಿಯಲ್ಲಿ ಅವನು ಗುಡುಗುತ್ತಲೇ ಇದ್ದ. ಗುಡುಗಣ್ಣ ಬಾಯಿ ತೆರೆದ. ಗುಡುಗು ಬರಲಿಲ್ಲ. ಟವೆಲ್ ಕೇಳುವ ದನಿ ಬಂತು.

"ದೊಡ್ಡಮ್ಮ, ನಾವು ಚೆನ್ನಾಗಿದ್ದೀವಿ. ಅಮ್ಮ ಇಲ್ಲೇ ಇದ್ದಾಳೆ. ಇಳಿಯೋಕೆ ಜಾಗ ಇರಲಿಲ್ಲ, ಒಂದು ಸುತ್ತು ಹಾಕಿ ಇಳಿದ್ವಿ, ಅಷ್ಟೆ. ಟಿವಿಯಲ್ಲಿ ಅರಚ್ತಿರೋನೂ ನಾನೇ. ಅದನ್ನ ವಿಮಾನ ಹತ್ತೋಕೆ ಮುಂಚೇನೇ ಹೇಳಿಟ್ಟು ಬಂದಿದ್ದೆ…"

ಫೋನ್ ಕಟ್ಟಾಯಿತು. ಟಿವಿಯಲ್ಲಿ ಸೋಪಿನ ಜಾಹೀರಾತು ಬಂತು. ಎಷ್ಟು ಮಾತು ಆಚೆ ಹೋಯಿತೋ, ಯಾರ ಕಿವಿಗೆ ಬಿತ್ತೋ, ಅವನಿಗೆ ತಿಳಿಯಲಿಲ್ಲ. ಕೆಲಸ ಹೋಯಿತು ಎಂಬುದು ಮಾತ್ರ ಹೆಚ್ಚುಕಡಿಮೆ ತಿಳಿಯಿತು. ಆ ಹೊತ್ತಿನಲ್ಲಿ ಅದು ಅವನಿಗೆ ದೊಡ್ಡದೆನಿಸಲಿಲ್ಲ.

ಟ್ಯಾಕ್ಸಿಯವನು ಅವರನ್ನು ಹತ್ತಿಸಿಕೊಂಡು, ಸ್ಟೀರಿಂಗಿನ ಪಕ್ಕ ಸಿಕ್ಕಿಸಿದ್ದ ಫೋನಿನಲ್ಲಿ ಅದೇ ಚಿತ್ರ ನೋಡುತ್ತ, "ಬಚಾವಾದ್ರಿ ಸಾರ್! ನಾನಂತೂ ಸತ್ರೂ ವಿಮಾನ ಹತ್ತಲ್ಲ," ಎಂದು ಹಿಂದಕ್ಕೆ ತಿರುಗಿದ. ಎದುರಿನಿಂದ ಬಂದ ಲಾರಿ ಕನ್ನಡಿಗೆ ಗಾಳಿ ಬೀಸಿಕೊಂಡು ಪಕ್ಕದಲ್ಲೇ ಹಾದುಹೋಯಿತು.

"ನಿನ್ನ ಕಾಲಿಗೆ ಬೀಳ್ತೀನಿ, ಮುಂದೆ ನೋಡಪ್ಪಾ!" ಎಂದು ಅಮ್ಮ ಕೂಗಿದಳು. ಆ ದಿನ ಅವಳು ಕೂಗಿದ್ದು ಅದೊಂದೇ ಸಲ.

ವಾರ್ಡಿನ ಬಾಗಿಲಲ್ಲಿ ಗುಡುಗಣ್ಣನ ಹೆಜ್ಜೆ ನಿಂತುಹೋಯಿತು. ಒಳಗೆ ನೋಡಲು ಧೈರ್ಯ ಬರಲಿಲ್ಲ. ಅಮ್ಮನೇ ಅವನನ್ನು ಸರಿಸಿ ಒಳಗೆ ಹೋದಳು. ದೊಡ್ಡಮ್ಮ ದಿಂಬಿಗೆ ಒರಗಿ ಕೂತಿದ್ದಳು. ಟಿವಿ ಆರಿತ್ತು. ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

"ಹೆದರಿದೆಯಾ ದೊಡ್ಡಮ್ಮ?" ಅವನು ಬಾಗಿಲಲ್ಲೇ ನಿಂತು ಕೇಳಿದ.

"ಹೆದರದೆ ಏನೋ? ಎದೆ ನಿಂತೇಹೋಯ್ತು ಅಂದ್ಕೊಂಡೆ. ನರ್ಸಮ್ಮ ಓಡಿಬಂದ್ಲು," ಎಂದಳು ದೊಡ್ಡಮ್ಮ. "ಆಮೇಲೆ ಅದರ ಮಧ್ಯೆ ಇನ್ನೊಂದು ದನಿ ಬಂತು. ಏನೋ ಗುಣುಗುಣು ಅಂತಿತ್ತು. ಒಂದಕ್ಷರ ಸರಿಯಾಗಿ ತಿಳೀಲಿಲ್ಲ. ಆದ್ರೆ ಸಕ್ಕರೆ ಕದ್ದಿದ್ದು ನಾನೇ ಅಂತ ಒಪ್ಕೊಳ್ಳೋವಾಗ ಹಾಗೇ ಅಲ್ವಾ ನೀನು ಮಾತಾಡ್ತಿದ್ದಿದ್ದು? ಟಿವಿ ಆರಿಸು ಅಂದೆ."

ಗುಡುಗಣ್ಣನಿಗೆ ಅಳು ಬಂತು. ಮುಚ್ಚಿಡಲಿಲ್ಲ, ಅತ್ತೇಬಿಟ್ಟ.

ಆಪರೇಷನ್ನಿಗೆ ಕರೆದೊಯ್ಯಲು ಮಂಚದ ಗಾಲಿ ತಿರುಗಿದಾಗ ದೊಡ್ಡಮ್ಮನ ಮುಖ ಮೊದಲ ಸಲ ಸಣ್ಣದಾಯಿತು. ತಂಗಿಯ ಕೈ ಬಿಟ್ಟು ಇವನ ಅಂಗಿಯ ತೋಳು ಹಿಡಿದಳು.

"ಭಯ ಆಗ್ತಿದೆ ಕಣೋ. ಹೋಗಿ ವಾಪಸ್ ಬರ್ತೀನಾ?"

"ಡಾಕ್ಟರ್ ದಿನಾ ಮಾಡೋ ಕೆಲಸ ದೊಡ್ಡಮ್ಮ. ಧೈರ್ಯವಾಗಿ ಹೋಗಿ ಬಾ," ಎಂದ ಅವನು, ಬಾಗಿ.

"ಏನಂದೆ? ಕೇಳಿಸ್ಲಿಲ್ಲ."

ಅವನು ಮತ್ತೆ ಹೇಳಲು ಬಾಯಿ ತೆರೆದ. ಅವಳು ಬೇಡವೆಂದು ಅವನ ಕೆನ್ನೆ ತಟ್ಟಿದಳು.

"ಕೇಳಿಸ್ಲಿಲ್ಲ ಅಂದ್ರೆ ನಿಜಾನೇ ಇರಬೇಕು, ಬಿಡು," ಎಂದು ಕಣ್ಣು ಮುಚ್ಚಿ, ಮಂಚ ತಳ್ಳುವವರಿಗೆ ನಡೀರಿ ಎಂದಳು.