ಆರಿಸಿದ ಸ್ವಿಚ್ಚು

ಶಂಕ್ರವ್ವನ ಮನೆಯಲ್ಲಿ ಕರೆಂಟ್ ನೋಡುವ ಟೆಸ್ಟರ್ ಇರಲಿಲ್ಲ. ಹಾಗಾಗಿ ಅವಳ ತಮ್ಮ ವೀರೇಶ ದಿಲಾವರನ ಅಂಗಿ ಕಿಸೆಗೇ ಕೈಹಾಕಿ ಒಂದನ್ನು ಎಳೆದುಕೊಂಡ. ಮುಂಡಗೋಡದಲ್ಲಿ ಮೋಟರ್ ರಿಪೇರಿ ಮಾಡುವ ದಿಲಾವರ ಶಂಕ್ರವ್ವನ ಮಣ್ಣಿಗೆಂದು ಚಿಗಳ್ಳಿಗೆ ಬಂದವನು, ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ.

ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದ ಶಂಕ್ರವ್ವನ ಹಣೆತುಂಬ ವಿಭೂತಿ. ಎಡ ಅಂಗೈಯಲ್ಲಿ ಲಿಂಗ ಇಟ್ಟಿದ್ದರು. ಬಲಗೈ ಮುಷ್ಟಿಯನ್ನು ಬಿಚ್ಚಲು ಯಾರಿಂದಲೂ ಆಗಿರಲಿಲ್ಲ. ಬೆರಳ ಸಂದಿಯಲ್ಲಿ ಟ್ಯೂಬ್‌ಲೈಟಿನ ಸ್ಟಾರ್ಟರ್ ಕಾಣುತ್ತಿತ್ತು. ನಿನ್ನೆ ಸಂಜೆ ಟ್ಯೂಬು ಮಿಣುಕತೊಡಗಿದಾಗ ಅದನ್ನು ಬಿಚ್ಚಲು ಆಕೆ ನೆಲ ಒರೆಸುತ್ತಿದ್ದ ಒದ್ದೆ ಕೈಯಲ್ಲೇ ಕಬ್ಬಿಣದ ಟ್ರಂಕು ಹತ್ತಿದ್ದಳು; ಕರೆಂಟ್ ಹೊಡೆದು ಕೆಳಗೆ ಬಿದ್ದವಳು ಏಳಲಿಲ್ಲ.

“ಸ್ವಿಚ್ ಬಂದ್ ಮಾಡಿದ್ನಿ ಅಂತೀಯಲ್ಲ ಮಾಮಾ, ಮತ್ತ ಕರೆಂಟ್ ಮುಗಿಲಿಂದ ಇಳೀತೇನು?” ವೀರೇಶ ಕೇಳಿದ.

“ಲಿಂಗದಾಣಿ, ಬಂದ್ ಮಾಡೀನಿ,” ಎಂದ ಶಂಕ್ರವ್ವನ ಗಂಡ ರುದ್ರೇಶ. “ಆರಿಸಿದ್ರೇನು ಅಂತ ಎರಡ ಸಲ ಕೇಳಿದ್ಲು. ಎರಡೂ ಸಲ ಹೂಂ ಅಂದೆ.”

“ಇಂವಗ ಮೆಂತೆ ಯಾವುದು ಕೊತ್ತಂಬ್ರಿ ಯಾವುದು ತಿಳ್ಯಾಂಗಿಲ್ಲ,” ನೆರೆಮನೆಯ ಸಿದ್ದಕ್ಕ ಗೊಣಗಿದಳು. “ಸ್ವಿಚ್ ಯಾವುದು ಅಂತ ತಿಳೀತೈತೇನು?”

“ಈಗ ಎಲ್ಲಾರ ಮುಂದ ನೋಡೇಬಿಡೂಣು,” ಎಂದ ವೀರೇಶ. “ಸ್ವಿಚ್ ಬಂದ್ ಮಾಡ್ತೇನಿ. ಟೆಸ್ಟರ್ ಹತ್ತಲಿಲ್ಲಂದ್ರ ಮಾಮಾ ಸುಳ್ಳ ಹೇಳ್ಯಾನ ಅಂತ ಅರ್ಥ. ಹೆಣ ಕುಣಿಗೆ ಇಳ್ಯಾಂಗಿಲ್ಲ, ಠಾಣೆಕ ಹೋಗತೈತಿ.”

ಭಜನೆಯವರ ತಾಳ ನಿಂತಿತು. ವೀರೇಶ ಟ್ರಂಕು ಹತ್ತಿದ.

*

ಕಳೆದ ಮಳೆಗಾಲದ ಗಾಳಿಗೆ ಈ ಮನೆಯ ಎರಡೂ ತಂತಿ ಕಂಬದಿಂದ ಕಳಚಿ ಬಿದ್ದಿದ್ದವು. ಲೈನ್‌ಮನ್ ಬರುವ ಸುಳಿವಿರಲಿಲ್ಲ. ವೀರೇಶ ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟಿ ಎರಡೂ ತಂತಿ ಎತ್ತಿ ಕಂಬದ ಲೈನಿಗೆ ಸಿಕ್ಕಿಸಿದ. ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ.

“ಯಾವ ತಂತಿ ಎಲ್ಲಿತ್ತು ಅನ್ನೋದು ನೆನಪೈತೇನೋ ತಮ್ಮಾ?” ಅಂಗಳದಿಂದ ಅಕ್ಕ ಕೂಗಿದ್ದಳು.

“ಯಾವುದಾದ್ರೇನಬೇ? ದೀಪ ಹತ್ತಿದ್ರ ಸಾಕಲ್ಲ?”

ದೀಪ ಹತ್ತಿತು. ಅಕ್ಕ ನಕ್ಕು ಬಿಸಿ ಗಿರಮಿಟ್ ತಂದಿಟ್ಟಳು. “ನನ್ನ ತಮ್ಮ ಲೈನ್‌ಮನ್ನನ ಅಪ್ಪ,” ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದಳು.

*

“ಎಲ್ಲಾರೂ ನೋಡ್ರಿ,” ಎಂದು ವೀರೇಶ ಟ್ರಂಕಿನ ಮೇಲಿಂದಲೇ ಕೈಚಾಚಿ ಸ್ವಿಚ್ ಒಮ್ಮೆ ಹಾಕಿ ಆರಿಸಿದ. ಸ್ಟಾರ್ಟರ್ ಕಿತ್ತ ತೂತಿಗೆ ಟೆಸ್ಟರಿನ ತುದಿ ಮುಟ್ಟಿಸಿದ.

ಟೆಸ್ಟರ್ ಕೆಂಪಗೆ ಹತ್ತಿತು.

ಇನ್ನೊಮ್ಮೆ ಮುಟ್ಟಿಸಿದ. ಮತ್ತೆ ಹತ್ತಿತು.

“ಉಲ್ಟಾ ಆಗೈತಿ,” ಎಂದ ದಿಲಾವರ. “ಸ್ವಿಚ್ ಬಂದ್ ಮಾಡಿದ್ರ ಕರೆಂಟ್ ಇಲ್ಲದ ತಂತಿ ಅಷ್ಟ ಕಡೀತೈತಿ, ಹೋಲ್ಡರಿನ್ಯಾಗ ಕರೆಂಟ್ ಇದ್ದ ಇರತೈತಿ. ಕಂಬದ ಮ್ಯಾಲ ಯಾರರೇ ತಂತಿ ಅದಲು ಬದಲು ಮಾಡಿದ್ರೇನ್ರಿ?”

ಸಿದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ರುದ್ರೇಶ ತಲೆಯೆತ್ತಿ, ಟ್ರಂಕಿನ ಮೇಲೆ ನಿಂತಿದ್ದ ವೀರೇಶನನ್ನು ಬಹಳ ಹೊತ್ತು ನೋಡಿದ.

“ಎತ್ರಿ,” ಎಂದ. “ಹೊತ್ತಾತು.”

ಕುಣಿಯಲ್ಲಿ ಕೂಡಿಸಿದಾಗಲೂ ಶಂಕ್ರವ್ವನ ಮುಷ್ಟಿ ಬಿಚ್ಚಲಿಲ್ಲ. ವೀರೇಶ ಹಿಡಿ ಮಣ್ಣು ಹಾಕಿದ. ಅದು ಆ ಬೆರಳುಗಳ ಮೇಲೆಯೇ ಬಿತ್ತು.

ಮನೆಯಿಂದ ಹೋದವು ಎರಡು. ಒಬ್ಬ ಅಕ್ಕ, ಒಂದು ಸ್ಟಾರ್ಟರ್.